ಮನೆ ಸ್ವಚ್ಛತಾ ಸೇವೆಗೆ ದರ ನಿಗದಿ: ಹಂತ ಹಂತದ ಮಾರ್ಗದರ್ಶಿ

ಮನೆ ಸ್ವಚ್ಛಗೊಳಿಸುವ ಸಣ್ಣ ಉದ್ಯಮವನ್ನು ಆರಂಭಿಸಿದವರು ಮತ್ತು ಆರಂಭಿಸಲು ಹೊರಟವರು ಪದೇ ಪದೇ ಕೇಳುವುದು ಒಂದೇ ಪ್ರಶ್ನೆ: ಮೂರು ಮಲಗುವ ಕೋಣೆಗಳ ಮನೆಗೆ ಎಷ್ಟು ಹೇಳಬೇಕು? ಇದಕ್ಕೆ ಯಾರಾದರೂ ಒಂದು ಅಂಕಿಯನ್ನು ಹೇಳಿಬಿಡಬಹುದು, ಆದರೆ ಆ ಅಂಕಿ ಹೇಳಿದವರ ಖರ್ಚಿಗೆ ಹೊಂದುತ್ತದೆಯೇ ಹೊರತು ಕೇಳಿದವರ ಖರ್ಚಿಗೆ ಹೊಂದುವುದಿಲ್ಲ. ನಿಮ್ಮ ಕೆಲಸಗಾರರ ವೇತನ, ಅವರು ದಾರಿಯಲ್ಲಿ ಕಳೆಯುವ ಹೊತ್ತು, ನೀವು ಬಳಸುವ ಯಂತ್ರ, ತಿಂಗಳಲ್ಲಿ ಖಾಲಿ ಹೋಗುವ ಗಂಟೆಗಳು ಇವೆಲ್ಲ ನಿಮ್ಮವೇ. ಆದ್ದರಿಂದ ಇಲ್ಲಿ ಸಿದ್ಧ ದರಪಟ್ಟಿ ಇಲ್ಲ. ದರವನ್ನು ನೀವೇ ಲೆಕ್ಕ ಹಾಕಿ ಕಂಡುಕೊಳ್ಳುವ ಕ್ರಮ ಇದೆ.

ಆ ಕ್ರಮದ ತಿರುಳು ಇಷ್ಟು: ನೀವು ಮಾರುತ್ತಿರುವುದು ಸಮಯವನ್ನು, ಹಾಗಾಗಿ ಲೆಕ್ಕವನ್ನು ಗಂಟೆಯಲ್ಲೇ ಹಾಕಬೇಕು, ಗ್ರಾಹಕರು ಕೊಳ್ಳುತ್ತಿರುವುದು ಶುಚಿಯಾದ ಮನೆಯನ್ನು, ಹಾಗಾಗಿ ಬೆಲೆಯನ್ನು ಸಾಮಾನ್ಯವಾಗಿ ಇಡೀ ಕೆಲಸಕ್ಕೆ ಒಟ್ಟಾಗಿ ಹೇಳಬೇಕು. ಈ ಎರಡನ್ನು ಅದಲುಬದಲು ಮಾಡಿಕೊಂಡವರು, ಅಂದರೆ ಲೆಕ್ಕವನ್ನು ಕಣ್ಣಳತೆಯಲ್ಲಿ ಹಾಕಿ ಬೆಲೆಯನ್ನು ಗಂಟೆಗೆ ಇಷ್ಟೆಂದು ಹೇಳಿದವರು, ದಿನವಿಡೀ ದುಡಿದರೂ ಗಿಟ್ಟುವುದಿಲ್ಲ ಎಂದು ಹೇಳುವುದನ್ನು ನೀವು ಕೇಳಿರಬಹುದು.

ಕೆಳಗಿನ ಉದಾಹರಣೆಗಳಲ್ಲಿ ಕೆಲಸಗಾರರ ಒಂದು ಗಂಟೆಯ ವೇತನವನ್ನು 100 ಎಂದು ಹಿಡಿಯಲಾಗಿದೆ. ಇದು ಯಾವ ದೇಶದ ನಾಣ್ಯವೂ ಅಲ್ಲ, ಬರಿಯ ಅಳತೆ. ನಿಮ್ಮ ಊರಿನ ವೇತನವನ್ನು ಆ ಜಾಗದಲ್ಲಿಟ್ಟು ಉಳಿದ ಅಂಕಿಗಳನ್ನು ನಿಮ್ಮ ಲೆಕ್ಕಪುಸ್ತಕದಿಂದ ತುಂಬಿಕೊಳ್ಳಿ.

ಮೊದಲು ಕೈಗೆ ಬೇಕಾದವು

ಕನಿಷ್ಠ ಒಂದು ತಿಂಗಳ ಖರ್ಚಿನ ದಾಖಲೆ ಬೇಕು. ಹೊಸದಾಗಿ ಆರಂಭಿಸುವವರು ಅಂದಾಜಿನಿಂದ ಆರಂಭಿಸಿ ತಿಂಗಳ ಕೊನೆಗೆ ನಿಜವಾದ ಅಂಕಿಗಳಿಂದ ತಿದ್ದಿಕೊಳ್ಳಬಹುದು. ಇದರ ಜೊತೆಗೆ ಒಂದು ಸಮಯದ ಪುಸ್ತಕ ಇಡಿ: ಕೆಲಸಗಾರರು ಹೊರಟ ಹೊತ್ತು, ಮನೆಯೊಳಗೆ ಕಾಲಿಟ್ಟ ಹೊತ್ತು, ಕೆಲಸ ಮುಗಿಸಿ ಹೊರಬಂದ ಹೊತ್ತು ಮತ್ತು ಯಾವ ಕೋಣೆಗೆ ಎಷ್ಟು ನಿಮಿಷ ಹಿಡಿಯಿತು ಎಂಬುದು. ಮೊಬೈಲ್‌ನಲ್ಲಿ ಬರೆದುಕೊಂಡರೂ ಸಾಕು, ಆದರೆ ನೆನಪಿನಿಂದ ಸಂಜೆ ತುಂಬಿಸಬಾರದು. ನೆನಪು ದಾರಿಯ ಹೊತ್ತನ್ನು ಯಾವಾಗಲೂ ಕಡಿಮೆ ಮಾಡಿಯೇ ಹೇಳುತ್ತದೆ.

ಹಂತ 1: ಬಿಲ್ ಮಾಡಬಹುದಾದ ಗಂಟೆಯನ್ನು ಕಂಡುಹಿಡಿಯಿರಿ

ಬಿಲ್ ಮಾಡಬಹುದಾದ ಗಂಟೆ ಎಂದರೆ ಗ್ರಾಹಕರ ಮನೆಯೊಳಗೆ ಕೆಲಸ ನಡೆದ, ಅವರಿಂದ ಹಣ ಪಡೆಯಬಹುದಾದ ಗಂಟೆ. ನೀವು ವೇತನ ಕೊಡುವ ಗಂಟೆಗಳು ಇದಕ್ಕಿಂತ ಯಾವಾಗಲೂ ಹೆಚ್ಚಾಗಿರುತ್ತವೆ. ಎಂಟು ಗಂಟೆಯ ಒಂದು ದಿನವನ್ನೇ ನೋಡಿ: ಒಂದು ಮನೆಯಿಂದ ಇನ್ನೊಂದು ಮನೆಗೆ ಓಡಾಡಲು ಒಂದು ಗಂಟೆ, ಸಾಮಾನು ಹೇರಿ ಇಳಿಸಿ ಬಟ್ಟೆಗಳನ್ನು ಒಗೆಯಲು ಅರ್ಧ ಗಂಟೆ, ರದ್ದಾದ ಕೆಲಸಗಳಿಂದ ಮತ್ತು ಎರಡು ಕೆಲಸಗಳ ನಡುವಿನ ಬಿಡುವಿನಿಂದ ತಿಂಗಳ ಸರಾಸರಿಯಲ್ಲಿ ಇನ್ನರ್ಧ ಗಂಟೆ ಹೋದರೆ, ಉಳಿಯುವುದು ಆರು ಗಂಟೆ.

ಎಂಟು ಗಂಟೆಗೆ ನೀವು ಕೊಡುವ ವೇತನ 800. ಇದರ ಮೇಲೆ ವೇತನ ಸಹಿತ ರಜೆ, ಅಪಘಾತ ವಿಮೆ, ಉದ್ಯೋಗದಾತರಾಗಿ ನೀವು ಕಾನೂನಿನ ಪ್ರಕಾರ ಕಟ್ಟಬೇಕಾದ ವಂತಿಗೆ ಮುಂತಾದವು ಸೇರುತ್ತವೆ. ಇವು ಒಟ್ಟು ಶೇ. 15ರಷ್ಟು ಎಂದುಕೊಂಡರೆ ದಿನದ ಖರ್ಚು 920 ಆಗುತ್ತದೆ. ಅದನ್ನು ಆರು ಗಂಟೆಗಳಿಗೆ ಹಂಚಿದಾಗ ಗಂಟೆಗೆ ಸುಮಾರು 153 ಬರುತ್ತದೆ. ಒಂದು ಹನಿ ದ್ರಾವಣವನ್ನೂ ಕೊಳ್ಳುವ ಮೊದಲೇ 100 ಇದ್ದದ್ದು 153 ಆಗಿರುವುದನ್ನು ಗಮನಿಸಿ.

ಎಚ್ಚರಿಕೆ: ನೀವೇ ಕೈಯಾರೆ ಕೆಲಸ ಮಾಡುತ್ತಿದ್ದರೂ ನಿಮ್ಮ ಗಂಟೆಗೆ ವೇತನವನ್ನು ಬರೆದುಕೊಳ್ಳಿ. ‘ನನ್ನ ಕೆಲಸಕ್ಕೆ ಖರ್ಚಿಲ್ಲ’ ಎಂಬ ಲೆಕ್ಕದ ಮೇಲೆ ಹೇಳಿದ ದರ ನೀವು ಮೊದಲ ಕೆಲಸಗಾರರನ್ನು ನೇಮಿಸಿಕೊಂಡ ದಿನವೇ ಕುಸಿಯುತ್ತದೆ, ಮತ್ತು ಆಗ ಹಳೆಯ ಗ್ರಾಹಕರಿಗೆ ಒಮ್ಮೆಗೇ ದೊಡ್ಡ ಏರಿಕೆಯನ್ನು ಒಪ್ಪಿಸುವುದು ಬಹಳ ಕಷ್ಟ.

ಹಂತ 2: ಸಾಮಗ್ರಿ, ಯಂತ್ರ ಮತ್ತು ಓಡಾಟದ ಖರ್ಚನ್ನು ಸೇರಿಸಿ

ಸಾಮಗ್ರಿಯ ಖರ್ಚನ್ನು ಬಾಟಲಿಯ ಬೆಲೆಯಿಂದ ಅಳೆಯಬೇಡಿ, ಬಳಸಲು ಸಿದ್ಧವಾದ ದ್ರಾವಣದ ಬೆಲೆಯಿಂದ ಅಳೆಯಿರಿ. 1:50 ಅನುಪಾತದಲ್ಲಿ ಕಲಸಬೇಕಾದ ಗಾಢ ದ್ರಾವಣದಲ್ಲಿ ಒಂದು ಲೀಟರ್ ನೀರಿಗೆ 20 ಮಿಲಿಲೀಟರ್ ಸಾಕಾಗುತ್ತದೆ. ಒಂದು ಲೀಟರ್ ಗಾಢ ದ್ರಾವಣದಿಂದ ಸುಮಾರು 51 ಲೀಟರ್ ಸಿಗುತ್ತದೆ. ನೋಡಲು ಅಗ್ಗವಾದ, ಆದರೆ ನೀರು ಬೆರೆಸದೆ ಬಳಸಬೇಕಾದ ದ್ರಾವಣ ಇದಕ್ಕಿಂತ ಎಷ್ಟೋ ದುಬಾರಿಯಾಗಿ ಬೀಳಬಹುದು. ಅಳತೆಯ ಮುಚ್ಚಳ ಇಲ್ಲದೆ ಕೈಯಂದಾಜಿನಲ್ಲಿ ಸುರಿಯುವ ಅಭ್ಯಾಸವಿದ್ದರೆ ಈ ಲೆಕ್ಕಕ್ಕೆ ಅರ್ಥವಿರುವುದಿಲ್ಲ. ದ್ರಾವಣ ವ್ಯರ್ಥವಾಗುವುದಲ್ಲದೆ ನೆಲದ ಮೇಲೆ ಅಂಟು ಉಳಿದು ಎರಡನೆಯ ಬಾರಿ ಒರೆಸುವ ಹೊತ್ತೂ ನಿಮ್ಮ ಮೇಲೆಯೇ ಬೀಳುತ್ತದೆ.

ಯಂತ್ರಗಳಿಗೆ ಸವಕಳಿಯನ್ನು ಲೆಕ್ಕ ಹಾಕಬೇಕು. ಸವಕಳಿ ಎಂದರೆ ಒಮ್ಮೆ ಕೊಟ್ಟ ಬೆಲೆಯನ್ನು ಆ ವಸ್ತು ಬಾಳುವ ಅವಧಿಗೆ ಹಂಚುವುದು. ವ್ಯಾಕ್ಯೂಮ್ ಕ್ಲೀನರ್‌ಗೆ 6000 ಕೊಟ್ಟಿದ್ದು ಅದು 1000 ಗಂಟೆ ಓಡುತ್ತದೆ ಎಂದುಕೊಂಡರೆ ಯಂತ್ರದ ಒಂದು ಗಂಟೆಗೆ 6 ಆಯಿತು; ಕೆಲಸದ ಪ್ರತಿ ಗಂಟೆಯಲ್ಲಿ ಅದು 20 ನಿಮಿಷ ಓಡುವುದಾದರೆ 2 ಬರೆದುಕೊಳ್ಳಿ. ಫಿಲ್ಟರ್‌, ಮೈಕ್ರೋಫೈಬರ್ ಬಟ್ಟೆ, ಕೈಗವಸು ಇವನ್ನು ಸಾಮಗ್ರಿಯಲ್ಲೇ ಸೇರಿಸಬಹುದು. ನಮ್ಮ ಉದಾಹರಣೆಯಲ್ಲಿ ಸಾಮಗ್ರಿಗೆ 8, ಯಂತ್ರಕ್ಕೆ 2, ದಿನಕ್ಕೆ 60ರಂತೆ ಇಂಧನಕ್ಕೆ ಗಂಟೆಗೆ 10 ಎಂದಿಟ್ಟುಕೊಂಡರೆ ನೇರ ವೆಚ್ಚ ಸುಮಾರು 173ಕ್ಕೆ ಬಂದು ನಿಲ್ಲುತ್ತದೆ.

ಹಂತ 3: ಮೇಲುಖರ್ಚನ್ನು ಹಂಚಿ

ಯಾವ ಒಂದು ಮನೆಗೂ ನೇರವಾಗಿ ಸೇರದ, ಆದರೆ ಉದ್ಯಮ ನಡೆಯಲು ಬೇಕೇ ಬೇಕಾದ ಖರ್ಚಿಗೆ ಮೇಲುಖರ್ಚು ಅಥವಾ ಓವರ್‌ಹೆಡ್ ಎನ್ನುತ್ತಾರೆ: ದೂರವಾಣಿ, ಜಾಹೀರಾತು, ಹೊಣೆಗಾರಿಕೆ ವಿಮೆ, ಲೆಕ್ಕಿಗರ ಶುಲ್ಕ, ಗೋದಾಮಿನ ಬಾಡಿಗೆ, ಆನ್‌ಲೈನ್ ಪಾವತಿಯ ಶುಲ್ಕ ಮತ್ತು ಗ್ರಾಹಕರೊಡನೆ ಮಾತನಾಡಲು, ಮನೆ ನೋಡಿ ಬರಲು ನೀವು ವ್ಯಯಿಸುವ ಸಮಯ. ಇದು ತಿಂಗಳಿಗೆ 8000 ಎಂದುಕೊಳ್ಳಿ. ಇಬ್ಬರು ಕೆಲಸಗಾರರು, ದಿನಕ್ಕೆ ಆರು ಗಂಟೆ, 25 ದಿನ ಎಂದರೆ 300 ಗಂಟೆ. ಗಂಟೆಗೆ ಸುಮಾರು 27. ಒಟ್ಟು ವೆಚ್ಚ ಈಗ 200.

ಇಲ್ಲಿ ಮಾಡುವ ತಪ್ಪು ಒಂದೇ. ಭಾಗಿಸುವಾಗ ಸಿಗಲಿ ಎಂದು ಆಶಿಸುವ ಗಂಟೆಗಳಿಂದ ಭಾಗಿಸುತ್ತಾರೆ. ನಿಜವಾಗಿ ಸಿಕ್ಕಿದ ಗಂಟೆಗಳಿಂದ ಭಾಗಿಸಬೇಕು.

ಹಂತ 4: ಲಾಭವನ್ನು ಸರಿಯಾದ ರೀತಿಯಲ್ಲಿ ಸೇರಿಸಿ

ಶೇ. 20 ಲಾಭ ಬೇಕು ಎಂದಾಗ ಬಹುಮಂದಿ 200ಕ್ಕೆ ಅದರ ಶೇ. 20ನ್ನು ಕೂಡಿಸಿ 240 ಎನ್ನುತ್ತಾರೆ. ವೆಚ್ಚದ ಮೇಲೆ ಹೀಗೆ ಕೂಡಿಸುವುದಕ್ಕೆ ಮಾರ್ಕಪ್ ಎಂದು ಹೆಸರು. ಆದರೆ 240ರಲ್ಲಿ 40 ಎಂದರೆ ಶೇ. 16.7 ಮಾತ್ರ. ಮಾರಾಟದ ಬೆಲೆಯಲ್ಲಿ ಲಾಭದ ಪಾಲಿಗೆ ಮಾರ್ಜಿನ್ ಎನ್ನುತ್ತಾರೆ; ಅದು ಶೇ. 20 ಆಗಬೇಕಾದರೆ ವೆಚ್ಚವನ್ನು 0.80ರಿಂದ ಭಾಗಿಸಬೇಕು. 200 ÷ 0.80 = 250. ಶೇ. 25 ಮಾರ್ಜಿನ್ ಬೇಕಾದರೆ 0.75ರಿಂದ ಭಾಗಿಸಿ.

ಹೀಗೆ ಗಂಟೆಗೆ 100 ವೇತನ ಕೊಡುವ ಈ ಕಲ್ಪಿತ ಉದ್ಯಮದ ದರ ಗಂಟೆಗೆ 250 ಎಂದಾಯಿತು. ವೇತನದ ಎರಡೂವರೆ ಪಟ್ಟು ಎಂದು ಕೇಳಿದಾಗ ಗ್ರಾಹಕರಿಗಷ್ಟೇ ಅಲ್ಲ, ಕೆಲಸಗಾರರಿಗೂ ಅನ್ಯಾಯವೆನಿಸಬಹುದು. ಮೇಲಿನ ಮೂರು ಹಂತಗಳನ್ನು ಒಂದು ಹಾಳೆಯಲ್ಲಿ ಬರೆದು ಕೆಲಸಗಾರರಿಗೆ ತೋರಿಸುವುದರಲ್ಲಿ ನನಗಂತೂ ಯಾವ ಹಾನಿಯೂ ಕಾಣುವುದಿಲ್ಲ. ದಾರಿಯ ಹೊತ್ತನ್ನು ಉಳಿಸುವ ಉಪಾಯಗಳು ಎಷ್ಟೋ ಸಲ ಅವರಿಂದಲೇ ಬರುತ್ತವೆ.

ಈ ಲಾಭ ನಿಮ್ಮ ವೇತನವಲ್ಲ ಎಂಬುದನ್ನು ಮರೆಯಬೇಡಿ. ಯಂತ್ರ ಕೆಟ್ಟಾಗ, ಒಡೆದ ವಸ್ತುವಿಗೆ ಪರಿಹಾರ ಕೊಡಬೇಕಾದಾಗ, ಕೆಲಸವಿಲ್ಲದ ತಿಂಗಳು ಬಂದಾಗ ಉದ್ಯಮ ಉಸಿರಾಡುವುದು ಈ ಹಣದಿಂದ.

ಹಂತ 5: ಮನೆಗೆ ಹಿಡಿಯುವ ಸಮಯವನ್ನು ಅಳೆಯಿರಿ

ಗಂಟೆಯ ದರ ಸಿಕ್ಕಿದ ಮೇಲೆ ಉಳಿಯುವುದು ಗಂಟೆಗಳ ಅಂದಾಜು, ಮತ್ತು ಹೆಚ್ಚಿನ ನಷ್ಟ ಆಗುವುದು ಇಲ್ಲಿಯೇ. ಲೆಕ್ಕವನ್ನು ಆಳು-ಗಂಟೆಯಲ್ಲಿ ಹಾಕಿ. ಒಬ್ಬರು ಒಂದು ಗಂಟೆ ಮಾಡಿದ ಕೆಲಸ ಒಂದು ಆಳು-ಗಂಟೆ. ಇಬ್ಬರು ಮೂರು ಗಂಟೆ ದುಡಿದರೆ ಆರು ಆಳು-ಗಂಟೆ. ಇಬ್ಬರನ್ನು ಕಳುಹಿಸಿದರೆ ಸಮಯ ಅರ್ಧವಾಗುತ್ತದೆ ಎಂಬುದು ಪೂರ್ತಿ ನಿಜವಲ್ಲ, ಏಕೆಂದರೆ ಚಿಕ್ಕ ಸ್ನಾನದ ಕೋಣೆಯಲ್ಲಿ ಇಬ್ಬರು ಒಟ್ಟಿಗೆ ಕೆಲಸ ಮಾಡಲಾಗದು, ಒರೆಸಿದ ನೆಲ ಆರುವ ತನಕ ಇಬ್ಬರೂ ಕಾಯಬೇಕು, ದಾರಿಯ ಹೊತ್ತೂ ಎರಡು ಪಟ್ಟಾಗುತ್ತದೆ.

ಮನೆಯ ವಿಸ್ತೀರ್ಣವೊಂದನ್ನೇ ನೋಡಿ ಸಮಯ ಹೇಳಬೇಡಿ. ಒಂದೇ ವಿಸ್ತೀರ್ಣದ ಎರಡು ಮನೆಗಳಲ್ಲಿ ಒಂದಕ್ಕೆ ಒಂದೇ ಸ್ನಾನದ ಕೋಣೆ ಮತ್ತು ಕೆಲವೇ ಪೀಠೋಪಕರಣಗಳಿದ್ದು, ಇನ್ನೊಂದಕ್ಕೆ ಮೂರು ಸ್ನಾನದ ಕೋಣೆ, ಗಾಜಿನ ತಡಿಕೆ, ತೆರೆದ ಕಪಾಟುಗಳ ತುಂಬ ಅಲಂಕಾರದ ವಸ್ತುಗಳು ಮತ್ತು ಕೂದಲು ಉದುರಿಸುವ ನಾಯಿ ಇದ್ದರೆ ಸಮಯ ದುಪ್ಪಟ್ಟಾದರೂ ಆಶ್ಚರ್ಯವಿಲ್ಲ. ಸಮಯವನ್ನು ತಿನ್ನುವುದು ಅಡುಗೆಮನೆ ಮತ್ತು ಸ್ನಾನದ ಕೋಣೆ. ಖಾಲಿ ನೆಲ ಅಲ್ಲ.

ಕೋಣೆವಾರು ಪಟ್ಟಿ ಹೀಗಿರಲಿ. ನಿಯಮಿತವಾಗಿ ಶುಚಿಯಾಗಿರುವ ಮೂರು ಮಲಗುವ ಕೋಣೆಗಳ ಮನೆಯಲ್ಲಿ ಅಡುಗೆಮನೆಗೆ 45 ನಿಮಿಷ, ಎರಡು ಸ್ನಾನದ ಕೋಣೆಗಳಿಗೆ 60, ಮಲಗುವ ಕೋಣೆಗಳಿಗೆ 45, ಹಜಾರ ಮತ್ತು ಊಟದ ಜಾಗಕ್ಕೆ 30, ಎಲ್ಲ ನೆಲವನ್ನು ಗುಡಿಸಿ ಒರೆಸಲು 40, ಸಾಮಾನು ಬಿಚ್ಚಿ ಜೋಡಿಸಲು ಹಾಗೂ ಕೊನೆಯ ತಪಾಸಣೆಗೆ 20. ಒಟ್ಟು 240 ನಿಮಿಷ, ಅಂದರೆ ನಾಲ್ಕು ಆಳು-ಗಂಟೆ, ಬೆಲೆ 1000. ಈ ನಿಮಿಷಗಳು ಮಾದರಿಗಾಗಿ ಮಾತ್ರ. ನಿಮ್ಮ ತಂಡದ ವೇಗ ನಿಮ್ಮ ಸಮಯದ ಪುಸ್ತಕದಲ್ಲಿರುತ್ತದೆ, ಬೇರೆಯವರ ಪಟ್ಟಿಯಲ್ಲಿ ಅಲ್ಲ.

ಅಂದಾಜಿನಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಎರಡು ಜಾಗಗಳನ್ನು ಹತ್ತಿರದಿಂದ ನೋಡೋಣ. ಮೊದಲನೆಯದು ಸರಿಸುವ ಕಿಟಕಿಯ ಕೆಳಗಿನ ಹಳಿ. ಅದರೊಳಗೆ ಕೂತ ಒಣ ಧೂಳಿನ ಮೇಲೆ ಒದ್ದೆ ಬಟ್ಟೆ ಹಾಕಿದರೆ ಅದು ಕೆಸರಾಗಿ ಮೂಲೆಗಳಿಗೆ ಅಂಟಿಕೊಳ್ಳುತ್ತದೆ. ಹಾಗಾಗಿ ಮೊದಲು ಗಿಡ್ಡ ಬ್ರಷ್‌ನಿಂದ ಕೆದಕಬೇಕು, ವ್ಯಾಕ್ಯೂಮ್‌ನ ಚೂಪು ಮೂತಿಯಿಂದ ಎಳೆಯಬೇಕು, ನೀರು ಹೊರಹೋಗುವ ಸಣ್ಣ ರಂಧ್ರಗಳನ್ನು ಬಿಡಿಸಬೇಕು, ಆಮೇಲೆ ಒರೆಸಬೇಕು. ಒಂದು ಹಳಿಗೆ ಆರು ನಿಮಿಷ ಎಂದರೂ ಹತ್ತು ಕಿಟಕಿಗಳಿಗೆ ಒಂದು ಗಂಟೆ ಹೋಯಿತು. ‘ಕಿಟಕಿ ಒರೆಸುವುದು’ ಎಂದು ಒಂದು ಸಾಲು ಬರೆದು ಬೆಲೆ ಹೇಳಿದವರು ಈ ಗಂಟೆಯನ್ನು ಕೈಯಿಂದ ಕೊಡುತ್ತಾರೆ.

ಎರಡನೆಯದು ಸ್ನಾನದ ಕೋಣೆಯ ಗಾಜಿನ ಮೇಲಿನ ಬಿಳಿ ಕಲೆ. ಗಡಸು ನೀರು ಆರಿದಾಗ ಉಳಿಯುವ ಕ್ಯಾಲ್ಸಿಯಂ ಕಾರ್ಬೊನೇಟ್ ಅದು. ಸಾಬೂನಿಗೆ ಜಗ್ಗುವುದಿಲ್ಲ, ಆಮ್ಲೀಯ ದ್ರಾವಣ ಬೇಕು, ಮತ್ತು ಆ ದ್ರಾವಣ ಕಲೆಯ ಮೇಲೆ ಹಲವು ನಿಮಿಷ ನಿಲ್ಲಬೇಕು. ತೆಳ್ಳನೆಯ ಪದರ ಒಂದೇ ಬಾರಿಗೆ ಹೋಗುತ್ತದೆ, ವರ್ಷಗಟ್ಟಲೆ ಕೂತದ್ದಕ್ಕೆ ಎರಡು ಮೂರು ಸುತ್ತು ಬೇಕಾಗುತ್ತದೆ, ಕೆಲವೊಮ್ಮೆ ಗಾಜಿನ ಮೇಲ್ಮೈಯೇ ಸವೆದಿದ್ದು ಕಲೆ ಹೋಗುವುದೇ ಇಲ್ಲ. ಬೆಲೆ ಹೇಳುವ ಮೊದಲು ಒಂದು ಮೂಲೆಯಲ್ಲಿ ಪರೀಕ್ಷಿಸಿ ನೋಡಿ. ನೆನಪಿಡಿ, ಅಮೃತಶಿಲೆಯ ಮುಖ್ಯ ಅಂಶವೂ ಕ್ಯಾಲ್ಸಿಯಂ ಕಾರ್ಬೊನೇಟೇ. ಅದೇ ಆಮ್ಲ ಅಮೃತಶಿಲೆಯ ನೆಲದ ಮೇಲೆ ಬಿದ್ದರೆ ಹೊಳಪು ಹೋಗಿ ಮಚ್ಚೆ ಉಳಿಯುತ್ತದೆ, ಅದನ್ನು ಮತ್ತೆ ಪಾಲಿಶ್ ಮಾಡಿಸುವ ಖರ್ಚು ನಿಮ್ಮದಾಗುತ್ತದೆ. ಆದ್ದರಿಂದ ಮನೆ ನೋಡಲು ಹೋದಾಗ ನೆಲ ಯಾವ ಕಲ್ಲಿನದು ಎಂಬುದನ್ನೂ ಬರೆದುಕೊಳ್ಳಿ.

ಸಮಯ ಉಳಿಸಲು ಹೋಗಿ ದ್ರಾವಣಗಳನ್ನು ಒಂದರ ಮೇಲೊಂದು ಸುರಿಯುವುದು ಅಪಾಯಕಾರಿ. ಬ್ಲೀಚ್‌ಗೆ ಆಮ್ಲ ಸೇರಿದರೆ ಕ್ಲೋರಿನ್ ಅನಿಲ, ಅಮೋನಿಯಾ ಸೇರಿದರೆ ಕ್ಲೋರಮೈನ್ ಹೊರಡುತ್ತದೆ, ಎರಡೂ ವಿಷಕಾರಿ. ಒಂದನ್ನು ಪೂರ್ತಿ ತೊಳೆದು ಇನ್ನೊಂದನ್ನು ಹಾಕುವ ನಿಮಿಷಗಳು ನಿಮ್ಮ ಅಂದಾಜಿನಲ್ಲಿ ಇರಲೇಬೇಕು.

ಹಂತ 6: ಮನೆಯ ಸ್ಥಿತಿಗೆ ಗುಣಕ ಹಾಕಿ

ಗುಣಕ ಎಂದರೆ ಮೂಲ ಸಮಯವನ್ನು ಗುಣಿಸುವ ಸಂಖ್ಯೆ. ನಿಯಮಿತವಾಗಿ ಶುಚಿಯಾಗುತ್ತಿರುವ ಮನೆಗೆ 1, ಒಂದೆರಡು ತಿಂಗಳು ಬಿಟ್ಟ ಮನೆಗೆ 1.25, ಮೊದಲ ಸಲದ ಆಳವಾದ ಶುಚಿತ್ವಕ್ಕೆ 1.5ರಿಂದ 2 ಎಂದು ಆರಂಭಿಸಬಹುದು. ಮೇಲಿನ ನಾಲ್ಕು ಗಂಟೆಯ ಮನೆಗೆ ಮೊದಲ ಭೇಟಿಯಲ್ಲಿ 1.5 ಹಾಕಿದರೆ ಆರು ಗಂಟೆ, ಬೆಲೆ 1500. ಹತ್ತು ಹದಿನೈದು ಮನೆಗಳಾದ ಮೇಲೆ ನಿಮ್ಮ ದಾಖಲೆಯೇ ಸರಿಯಾದ ಗುಣಕವನ್ನು ಹೇಳುತ್ತದೆ.

ಎರಡಕ್ಕಿಂತ ಹೆಚ್ಚು ಬೇಕೆನಿಸುವ ಮನೆಗೆ, ಅಂದರೆ ಸಾಮಾನು ತುಂಬಿ ನೆಲವೇ ಕಾಣದಂತಹ ಮನೆಗೆ, ಒಟ್ಟು ಬೆಲೆ ಹೇಳಲೇಬೇಡಿ. ಅಲ್ಲಿ ಗಂಟೆಯ ದರ ಹೇಳಿ, ಇಷ್ಟು ಗಂಟೆ ಮೀರುವ ಮೊದಲು ನಿಮ್ಮನ್ನು ಕೇಳುತ್ತೇವೆ ಎಂಬ ಮಿತಿಯನ್ನೂ ಬರೆದುಕೊಡಿ.

ಹೊಸದಾಗಿ ಕಟ್ಟಿದ ಅಥವಾ ದುರಸ್ತಿಯಾದ ಮನೆ ಬೇರೆಯೇ ಬಗೆಯದು. ಸಿಮೆಂಟ್ ಮತ್ತು ಜಿಪ್ಸಂನ ನುಣ್ಣನೆಯ ಧೂಳು ಗಾಳಿಯಲ್ಲಿ ತೇಲುತ್ತಿದ್ದು ಒರೆಸಿದ ಕೆಲವು ಗಂಟೆಗಳ ನಂತರ ಮತ್ತೆ ಇಳಿದು ಕೂರುತ್ತದೆ, ಹಾಗಾಗಿ ಎರಡು ಸುತ್ತು, ಬಹುಶಃ ಎರಡು ದಿನ ಬೇಕು. ಮಾಮೂಲಿ ವ್ಯಾಕ್ಯೂಮ್ ಈ ಧೂಳನ್ನು ಒಂದು ಕಡೆ ಎಳೆದು ಇನ್ನೊಂದು ಕಡೆ ಊದುತ್ತದೆ, 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಕನಿಷ್ಠ ಶೇ. 99.97ನ್ನು ಹಿಡಿಯುವ ಹೆಪಾ ಫಿಲ್ಟರ್ ಇರುವ ಯಂತ್ರ ಬೇಕು, ಮತ್ತು ಆ ಫಿಲ್ಟರ್ ಬೇಗ ಕಟ್ಟಿಕೊಳ್ಳುವುದರಿಂದ ಅದರ ಖರ್ಚನ್ನು ಈ ಕೆಲಸದ ಮೇಲೆಯೇ ಹಾಕಬೇಕು. ಖಾಲಿ ಮನೆಯಾದ್ದರಿಂದ ವಿಸ್ತೀರ್ಣದ ದರ ಸರಿಹೋಗುವುದು ಹೆಚ್ಚಾಗಿ ಇಲ್ಲಿ ಮಾತ್ರ.

ಹಂತ 7: ಎಷ್ಟು ದಿನಕ್ಕೊಮ್ಮೆ ಎಂಬುದರ ಮೇಲೆ ದರ ಬದಲಿಸಿ

ವಾರಕ್ಕೊಮ್ಮೆ ಕರೆಯುವವರಿಗೆ ರಿಯಾಯಿತಿ ಕೊಡುವುದು ಈ ಕ್ಷೇತ್ರದ ರೂಢಿ. ಆದರೆ ಆ ರಿಯಾಯಿತಿ ಔದಾರ್ಯದಿಂದಲ್ಲ, ಅಳೆದ ಸಮಯದಿಂದ ಹುಟ್ಟಬೇಕು. ವಾರಕ್ಕೊಮ್ಮೆ ನಾಲ್ಕು ಗಂಟೆಯಲ್ಲಿ ಮುಗಿಯುವ ಮನೆ ತಿಂಗಳಿಗೊಮ್ಮೆಯಾದರೆ ಐದೂವರೆ ಗಂಟೆ ಕೇಳಬಹುದು, ಏಕೆಂದರೆ ಒಲೆಯ ಸುತ್ತಲಿನ ಜಿಡ್ಡು ಗಟ್ಟಿಯಾಗಿರುತ್ತದೆ, ಗಾಜಿನ ಮೇಲಿನ ಪದರ ದಪ್ಪವಾಗಿರುತ್ತದೆ. ಗಂಟೆಯ ದರವನ್ನು ಹಾಗೆಯೇ ಇಟ್ಟುಕೊಂಡು ಗಂಟೆಗಳನ್ನು ಬದಲಿಸಿದರೆ ವಾರದ ಗ್ರಾಹಕರಿಗೆ ಸಹಜವಾಗಿಯೇ ಕಡಿಮೆ ಬೆಲೆ ಬರುತ್ತದೆ.

ಶೇಕಡಾವಾರು ರಿಯಾಯಿತಿ ಕೊಡುವ ಮುನ್ನ ಈ ಲೆಕ್ಕ ನೋಡಿ. 250ರ ದರದಲ್ಲಿ ವೆಚ್ಚ 200, ಲಾಭ 50. ಶೇ. 10 ಕಡಿತ ಮಾಡಿದರೆ ದರ 225, ಲಾಭ 25. ಬೆಲೆಯಲ್ಲಿ ಹತ್ತನೆಯ ಒಂದು ಭಾಗ ಬಿಟ್ಟಿರಿ, ಲಾಭದಲ್ಲಿ ಅರ್ಧ ಹೋಯಿತು. ಅಷ್ಟೇ ಲಾಭ ಗಳಿಸಲು ಈಗ ಎರಡು ಪಟ್ಟು ಮನೆಗಳನ್ನು ಶುಚಿಗೊಳಿಸಬೇಕು.

ಎಚ್ಚರಿಕೆ: ವಾರದ ದರ ಒಪ್ಪಿಕೊಂಡು ಎರಡು ಸಲ ಕರೆಸಿ, ನಂತರ ಒಂದೂವರೆ ತಿಂಗಳು ಮುಂದೂಡಿ, ಮತ್ತೆ ಅದೇ ದರದಲ್ಲಿ ಬನ್ನಿ ಎನ್ನುವವರು ಇರುತ್ತಾರೆ. ನಡುವೆ ಇಂತಿಷ್ಟು ದಿನಗಳಿಗಿಂತ ಹೆಚ್ಚು ಅಂತರವಾದರೆ ಮೊದಲ ಭೇಟಿಯ ದರ ಅನ್ವಯಿಸುತ್ತದೆ ಎಂಬ ಸಾಲನ್ನು ಮೊದಲೇ ಬರೆದಿಡಿ.

ಹಂತ 8: ಕನಿಷ್ಠ ಶುಲ್ಕ ಮತ್ತು ಹೆಚ್ಚುವರಿ ಕೆಲಸಗಳ ಪಟ್ಟಿ

ಒಂದು ಗಂಟೆಯ ಕೆಲಸಕ್ಕಾಗಿ ಒಂದು ಗಂಟೆ ಪ್ರಯಾಣ ಮಾಡಿದರೆ 250ರ ದರ ನಿಮ್ಮನ್ನು ಕಾಪಾಡುವುದಿಲ್ಲ. ಎರಡು ಅಥವಾ ಮೂರು ಆಳು-ಗಂಟೆಗಳನ್ನು ಕನಿಷ್ಠ ಶುಲ್ಕವಾಗಿ ಇಟ್ಟುಕೊಳ್ಳಿ. ಫ್ರಿಜ್‌ನ ಒಳಭಾಗ, ಓವನ್, ಕಪಾಟಿನ ಒಳಗೆ, ಅಡುಗೆಮನೆಯ ಹೊಗೆ ಚಿಮಣಿಯ ಫಿಲ್ಟರ್, ಬಾಲ್ಕನಿ, ಕಿಟಕಿಯ ಹೊರಮೈ ಇವುಗಳಿಗೆ ನಿಮಿಷ ಅಳೆದು ಪ್ರತ್ಯೇಕ ಬೆಲೆ ಬರೆಯಿರಿ. ಕೆಲಸದ ನಡುವೆ ‘ಅದನ್ನೂ ಸ್ವಲ್ಪ ಒರೆಸಿಬಿಡಿ’ ಎಂಬ ಮಾತು ಬಂದಾಗ ಕೆಲಸಗಾರರು ಮುಜುಗರವಿಲ್ಲದೆ ತೋರಿಸಬಹುದಾದ ಹಾಳೆ ಇದು.

ಹಂತ 9: ಬೆಲೆಯನ್ನು ಬರಹದಲ್ಲಿ ಕೊಡಿ

ಅಂದಾಜು ಮತ್ತು ಕೊಟೇಶನ್ ಒಂದೇ ಅಲ್ಲ. ಅಂದಾಜು ಬದಲಾಗಬಹುದಾದ ಅಂಕಿ. ಕೊಟೇಶನ್ ನೀವು ಬದ್ಧರಾಗುವ ಬೆಲೆ. ದೂರವಾಣಿಯಲ್ಲಿ ಅಂದಾಜನ್ನಷ್ಟೇ ಹೇಳಿ, ಅದನ್ನೂ ಒಂದು ಅಂಕಿಯಾಗಿ ಅಲ್ಲ, ಇಷ್ಟರಿಂದ ಇಷ್ಟು ಎಂಬ ವ್ಯಾಪ್ತಿಯಾಗಿ ಹೇಳಿ. ಮನೆಯನ್ನು ನೋಡಿದ ಮೇಲೆ, ಅಥವಾ ಕನಿಷ್ಠ ಅಡುಗೆಮನೆ ಮತ್ತು ಸ್ನಾನದ ಕೋಣೆಯ ವಿಡಿಯೊ ತರಿಸಿಕೊಂಡ ಮೇಲೆ, ಕೊಟೇಶನ್ ಕೊಡಿ. ಅದರಲ್ಲಿ ಯಾವ ಕೋಣೆಯಲ್ಲಿ ಏನೇನು ಮಾಡುತ್ತೀರಿ, ಏನನ್ನು ಮಾಡುವುದಿಲ್ಲ, ಬೆಲೆ ಎಷ್ಟು ದಿನ ಚಾಲ್ತಿಯಲ್ಲಿರುತ್ತದೆ, ನೀರು ಮತ್ತು ವಿದ್ಯುತ್ ಯಾರದು, ಹಿಂದಿನ ದಿನ ರದ್ದು ಮಾಡಿದರೆ ಅಥವಾ ಬಾಗಿಲು ತೆರೆಯದಿದ್ದರೆ ಎಷ್ಟು ಕೊಡಬೇಕು ಎಂಬುದು ಇರಲಿ. ‘ಮಾಡುವುದಿಲ್ಲ’ ಎಂಬ ಪಟ್ಟಿಯನ್ನು ಬರೆಯಲು ಹಿಂಜರಿಯುವವರೇ ಹೆಚ್ಚು. ಜಗಳಗಳು ಬಹುತೇಕ ಅಲ್ಲಿಂದಲೇ ಹುಟ್ಟುತ್ತವೆ.

ತೆರಿಗೆಯ ಬಗ್ಗೆ ಒಂದು ಮಾತು. ನಿಮ್ಮ ಉದ್ಯಮ ಮಾರಾಟ ತೆರಿಗೆಯ ವ್ಯಾಪ್ತಿಗೆ ಬರುವುದಾದರೆ ಬೆಲೆ ತೆರಿಗೆ ಸಹಿತವೋ ರಹಿತವೋ ಎಂಬುದನ್ನು ಸ್ಪಷ್ಟವಾಗಿ ಬರೆಯಿರಿ. ತೆರಿಗೆ ಶೇ. 20 ಇದ್ದು, 1000ವನ್ನು ತೆರಿಗೆ ಸಹಿತ ಎಂದು ಹೇಳಿಬಿಟ್ಟರೆ ನಿಮಗೆ ಉಳಿಯುವುದು 1000 ÷ 1.20, ಅಂದರೆ 833. ನಾಲ್ಕು ಗಂಟೆಗಳ ವೆಚ್ಚ 800 ಆಗಿರುವುದರಿಂದ 200 ಬರಬೇಕಿದ್ದ ಲಾಭ 33ಕ್ಕೆ ಇಳಿಯುತ್ತದೆ.

ಹಂತ 10: ಚೌಕಾಸಿಗೆ ಮತ್ತು ಪೈಪೋಟಿಗೆ ಸಿದ್ಧರಾಗಿ

‘ಸ್ವಲ್ಪ ಕಡಿಮೆ ಮಾಡಿ’ ಎಂದು ಕೇಳಿದಾಗ ಕೆಲಸವನ್ನು ಕಡಿಮೆ ಮಾಡಿ, ದರವನ್ನಲ್ಲ. ಒಂದು ಮಲಗುವ ಕೋಣೆಯನ್ನು ಬಿಡುತ್ತೇವೆ, ಬೆಲೆ ಇಷ್ಟು ಇಳಿಯುತ್ತದೆ ಎಂದು ಪಟ್ಟಿ ತೋರಿಸಿ ಹೇಳಬಹುದು. ಕೇಳಿದ ಕೂಡಲೇ ಬೆಲೆ ಇಳಿಸಿದರೆ ಮೊದಲು ಹೇಳಿದ ಬೆಲೆಯೇ ಸುಳ್ಳಾಗಿತ್ತು ಎಂದಾಗುತ್ತದೆ.

ಪ್ರತಿಸ್ಪರ್ಧಿಗಳ ದರವನ್ನು ಕೊನೆಯಲ್ಲಿ ನೋಡಿ, ಮೊದಲಲ್ಲಿ ಅಲ್ಲ. ನಿಮ್ಮ ಅಂಕಿ ಅವರಿಗಿಂತ ಹೆಚ್ಚು ಬಂದರೆ ಅವರು ವಿಮೆ ಮಾಡಿಸಿರದೆ ಇರಬಹುದು, ರಜೆಯ ವೇತನ ಕೊಡದಿರಬಹುದು, ಅಥವಾ ಅವರಿಗೇ ತಿಳಿಯದಂತೆ ನಷ್ಟದಲ್ಲಿರಬಹುದು. ಆದರೂ ಇಳಿಸಲೇಬೇಕು ಎಂದಾದರೆ ಕೈ ಹಾಕಬೇಕಾದದ್ದು ವೇತನಕ್ಕಲ್ಲ, ದಾರಿಗೆ. ಒಂದೇ ಬಡಾವಣೆಯ ಗ್ರಾಹಕರನ್ನು ಒಂದೇ ದಿನಕ್ಕೆ ಜೋಡಿಸಿ ದಿನಕ್ಕೆ ಅರ್ಧ ಗಂಟೆ ಉಳಿಸಿದರೆ ಬಿಲ್ ಮಾಡಬಹುದಾದ ಹೊತ್ತು ಆರೂವರೆ ಗಂಟೆಯಾಗುತ್ತದೆ; ಆ ಅರ್ಧ ಗಂಟೆಯೂ ಕೆಲಸದಿಂದ ತುಂಬಿದರೆ ನಮ್ಮ ಉದಾಹರಣೆಯಲ್ಲಿ 200 ಇದ್ದ ವೆಚ್ಚ 185ರ ಆಸುಪಾಸಿಗೆ ಇಳಿಯುತ್ತದೆ. ವೇತನದಲ್ಲಿ ಅಷ್ಟು ಕಡಿತ ಮಾಡಿದ್ದರೆ ನುರಿತ ಕೆಲಸಗಾರರು ಬಿಟ್ಟುಹೋಗುತ್ತಿದ್ದರು, ಹೊಸಬರಿಗೆ ಕಲಿಸುವ ಗಂಟೆಗಳು ಮತ್ತೆ ಮೇಲುಖರ್ಚಿಗೆ ಸೇರುತ್ತಿದ್ದವು.

ಹಂತ 11: ದರವನ್ನು ಪರಿಷ್ಕರಿಸುತ್ತಿರಿ

ವರ್ಷಕ್ಕೊಮ್ಮೆ, ಮತ್ತು ವೇತನ ಅಥವಾ ಇಂಧನದ ಬೆಲೆ ಗಮನಾರ್ಹವಾಗಿ ಏರಿದಾಗ, ಮೊದಲ ನಾಲ್ಕು ಹಂತಗಳ ಹಾಳೆಯನ್ನು ಹೊಸದಾಗಿ ತುಂಬಿ. ಏರಿಕೆಯನ್ನು ಕನಿಷ್ಠ ಒಂದು ತಿಂಗಳು ಮುಂಚೆ ಬರಹದಲ್ಲಿ ತಿಳಿಸಿ. ಕಾರಣವನ್ನು ಒಂದು ವಾಕ್ಯದಲ್ಲಿ ಹೇಳಿದರೆ ಸಾಕು, ಕ್ಷಮೆ ಕೇಳುವ ಅಗತ್ಯವಿಲ್ಲ. ಮೂರು ವರ್ಷ ಸುಮ್ಮನಿದ್ದು ಒಮ್ಮೆಗೇ ಏರಿಸುವುದಕ್ಕಿಂತ ಪ್ರತಿವರ್ಷ ಸ್ವಲ್ಪ ಏರಿಸುವುದನ್ನು ಗ್ರಾಹಕರು ಸುಲಭವಾಗಿ ಒಪ್ಪುತ್ತಾರೆ.

ಇದಲ್ಲದೆ ತಿಂಗಳಿಗೊಮ್ಮೆ ಪ್ರತಿ ಮನೆಯ ಅಂದಾಜು ಸಮಯವನ್ನು ನಿಜವಾದ ಸಮಯದ ಪಕ್ಕದಲ್ಲಿಟ್ಟು ನೋಡಿ. ಒಂದು ಮನೆ ಒಮ್ಮೆ ತಡವಾದರೆ ಅದಕ್ಕೆ ಅರ್ಥವಿಲ್ಲ. ಸತತ ಮೂರು ಭೇಟಿಗಳಲ್ಲಿ ನಾಲ್ಕು ಗಂಟೆಯ ಕೆಲಸ ನಾಲ್ಕೂಮುಕ್ಕಾಲು ಗಂಟೆ ಹಿಡಿದರೆ ನಿಮ್ಮ ವೆಚ್ಚ 950ಕ್ಕೆ ಏರಿದೆ, ಬೆಲೆ 1000ದಲ್ಲೇ ನಿಂತಿದೆ. ಮೊದಲು ಕಾರಣ ಹುಡುಕಿ: ಕೆಲಸಗಾರರು ಹೊಸಬರೇ, ಮನೆಯಲ್ಲಿ ಮಗು ಅಥವಾ ಸಾಕುಪ್ರಾಣಿ ಬಂದಿದೆಯೇ, ಪಟ್ಟಿಯಲ್ಲಿಲ್ಲದ ಕೆಲಸ ನಿಧಾನವಾಗಿ ಸೇರಿಕೊಂಡಿದೆಯೇ? ಕಾರಣ ಮನೆಯದ್ದಾದರೆ ದಾಖಲೆಯನ್ನು ತೋರಿಸಿ ಹೊಸ ಕೊಟೇಶನ್ ಕೊಡಿ. ಅದನ್ನು ಒಪ್ಪದವರ ಜಾಗ ಖಾಲಿ ಮಾಡಿಕೊಂಡು, ಆ ಗಂಟೆಗಳನ್ನು ಅದೇ ಬಡಾವಣೆಯ ಬೇರೆ ಗ್ರಾಹಕರಿಗೆ ಕೊಡಬಹುದು.